ಮಳೆ ಅಳೆಯುವ ನಾವು ಮೆಸೇಜು ಯಾಕೆ ಅಳೆಯುವುದಿಲ್ಲ?

ಕೊಡಗಿನಲ್ಲಿ ಮಳೆಗಾಲ ಬಂತು ಅಂದರೆ ಎರಡು ಕೆಲಸ ಒಟ್ಟಿಗೇ ಶುರುವಾಗುತ್ತವೆ. ಒಂದು, ಮಳೆ ಲೆಕ್ಕ ಇಡುವುದು. ಇನ್ನೊಂದು, ಮಳೆ ಬಗ್ಗೆ ಗಾಳಿಸುದ್ದಿ ಹಂಚುವುದು. ತಮಾಷೆ ಏನಂದರೆ ಎರಡನ್ನೂ ಮಾಡುವವರು ಹೆಚ್ಚುಕಮ್ಮಿ ಒಂದೇ ಜನ. ಬೆಳಿಗ್ಗೆ ಎದ್ದು ಮಳೆಮಾಪಕದ ನೀರನ್ನು ಅಳತೆ ಗ್ಲಾಸಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ‘ಒಂದು ಇಂಚು ಇಪ್ಪತ್ತು ಸೆಂಟ್’ (ನೂರು ಸೆಂಟ್ ಅಂದರೆ ಒಂದು ಇಂಚು) ಅಂತ ಡೈರಿಯಲ್ಲಿ ಬರೆದಿಡುವ ಮನುಷ್ಯನೇ, ಕಾಫಿ ಕುಡಿದು ಮುಗಿಸುವಷ್ಟರಲ್ಲಿ ‘ಇಂದು ರಾತ್ರಿ ಮಡಿಕೇರಿಯಲ್ಲಿ ಭಾರಿ ಭೂಕಂಪ, ಎಲ್ಲರಿಗೂ ತಿಳಿಸಿ’ ಅನ್ನುವುದನ್ನು ನಾಲ್ಕು ಗ್ರೂಪಿಗೆ ತಳ್ಳಿರುತ್ತಾನೆ.

ಇದನ್ನು ನೋಡಿ ‘ಜನಕ್ಕೆ ವೈಜ್ಞಾನಿಕ ಮನೋಭಾವ ಇಲ್ಲ’ ಅಂತ ಷರಾ ಬರೆಯುವುದು ಸುಲಭ. ನನಗೆ ಅದು ಸರಿ ಅನಿಸುವುದಿಲ್ಲ. ನಮ್ಮಲ್ಲಿ ಅದು ಇದೆ, ಚೆನ್ನಾಗಿಯೇ ಇದೆ. ತೋಟದ ಗೇಟು ದಾಟಿ ಹೊರಗೆ ಬರುವುದಿಲ್ಲ, ಅಷ್ಟೇ.

ಮಳೆಯಿಂದಲೇ ಶುರು ಮಾಡೋಣ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ಇದು. ಫೆಬ್ರವರಿ–ಮಾರ್ಚಿನಲ್ಲಿ ರೊಬಸ್ಟಾ ಗಿಡದಲ್ಲಿ ಮೊಗ್ಗು ಕಾದು ಕೂತಿರುತ್ತದೆ. ಒಂದು ಇಂಚಿನ ಆಸುಪಾಸು ಒಳ್ಳೆಯ ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಬರೀ ಮೂವತ್ತು ಸೆಂಟ್ ಬಿದ್ದು ನಿಂತರೆ ಮೊಗ್ಗು ಅತ್ತ ಅರಳುವುದೂ ಇಲ್ಲ, ಇತ್ತ ಸುಮ್ಮನಿರುವುದೂ ಇಲ್ಲ. ಆಗ ಸ್ಪ್ರಿಂಕ್ಲರ್ ಹಾಕಬೇಕಾ, ಹಾಕಿದರೆ ಎಷ್ಟು ಗಂಟೆ, ಡೀಸೆಲ್ ಎಷ್ಟು, ಕೆರೆಯಲ್ಲಿ ನೀರು ಉಳಿಯುತ್ತಾ? ಅರಳಿದ ದಿನವೇ ಮಳೆ ಹೊಡೆದರೆ ಪರಾಗಸ್ಪರ್ಶ ಕೆಡುತ್ತದೆ. ಆಮೇಲೆ ಎರಡು-ಮೂರು ವಾರದೊಳಗೆ ಬ್ಯಾಕಿಂಗ್ ಮಳೆ, ಅಂದರೆ ಹೂ ಅರಳಿದ ಮೇಲೆ ಬೇಕಾದ ಎರಡನೇ ಮಳೆ, ಬರದಿದ್ದರೆ ಕಟ್ಟಿದ ಕಾಯಿಗೂ ಕಷ್ಟ. ಅಂದರೆ ಇಲ್ಲಿ ಸೆಂಟ್ ಲೆಕ್ಕ ಅಂದರೆ ರೂಪಾಯಿ ಲೆಕ್ಕ. ‘ಜೋರು ಮಳೆ ಮಾರಾಯ’ ಅಂದರೆ ಯಾರಿಗೂ ಸಾಲದು. ಗೋಣಿಕೊಪ್ಪದ ಗೊಬ್ಬರದ ಅಂಗಡಿಯಲ್ಲಿ ನಿಂತು ಕೇಳಿಸಿಕೊಳ್ಳಿ.

‘ನಿಮ್ಮಲ್ಲಿ ಎಷ್ಟಾಯ್ತು ಅಣ್ಣ?’

‘ಮೇಲಿನ ತೋಟಕ್ಕೆ ತೊಂಬತ್ತು ಸೆಂಟ್. ಕೆಳಗೆ ಹೊಳೆ ಬದಿಗೆ ನಲವತ್ತೂ ಇಲ್ಲ.’

ಈ ಎರಡು ಸಾಲಿನಲ್ಲಿ ಎಷ್ಟು ವಿಷಯ ಇದೆ ನೋಡಿ. ಎಷ್ಟು ಅಂತ ಕೇಳಿದರು, ಎಲ್ಲಿ ಅಂತ ಬಿಡಿಸಿ ಹೇಳಿದರು, ಒಂದೇ ತೋಟದೊಳಗೂ ಲೆಕ್ಕ ಬೇರೆ ಅಂತ ಒಪ್ಪಿಕೊಂಡರು. ಹವಾಮಾನ ಇಲಾಖೆ ದೇಶಾದ್ಯಂತ ಬೆಳಿಗ್ಗೆ 8.30ಕ್ಕೆ ಹಿಂದಿನ 24 ಗಂಟೆಯ ಮಳೆ ಅಳೆಯುತ್ತದೆ. ನಮ್ಮ ತೋಟದ ಲೆಕ್ಕ ಬರೆಯುವ ರೈಟರೂ ಬೆಳಗಿನ ಹಾಜರಿ ಹೊತ್ತಿಗೆ ಅದನ್ನೇ ಮಾಡುತ್ತಾನೆ. ದಿನಾ ಒಂದೇ ಹೊತ್ತು, ಒಂದೇ ಜಾಗ, ಒಂದೇ ಗ್ಲಾಸು. ಮಳೆ ಬಾರದ ದಿನವೂ ಸೊನ್ನೆ ಬರೆಯುತ್ತಾನೆ. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಆ ಸೊನ್ನೆ. ಬಂದದ್ದನ್ನು ಮಾತ್ರ ಬರೆದು ಬಾರದ್ದನ್ನು ಬಿಟ್ಟರೆ ಅದು ನೆನಪಿನ ಪುಸ್ತಕ ಆಗುತ್ತದೆ, ಲೆಕ್ಕದ ಪುಸ್ತಕ ಆಗುವುದಿಲ್ಲ.

ಇನ್ನೊಂದು ಉದಾಹರಣೆ ಬೋರ್ಡೋ. ಮಳೆ ಹಿಡಿಯುವ ಮುಂಚೆ ಅಡಿಕೆಗೆ, ಒಳ್ಳೆಮೆಣಸಿಗೆ, ಕಾಫಿಗೆ ಕೊಳೆರೋಗ ಬಾರದಂತೆ ಹೊಡೆಯುವ ಔಷಧಿ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಮೈಲುತುತ್ತನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸಬೇಕು, ಕಬ್ಬಿಣದ ಬಕೆಟ್ ಆಗದು. ಸುಣ್ಣದ ತಿಳಿಯನ್ನು ಬೇರೆ ಮಾಡಿಕೊಂಡು, ಅದಕ್ಕೆ ಮೈಲುತುತ್ತಿನ ನೀರನ್ನು ಕೋಲಿನಲ್ಲಿ ತಿರುಗಿಸುತ್ತಾ ಹುಯ್ಯಬೇಕು. ಎಲ್ಲ ಆದ ಮೇಲೆ ಔಷಧಿ ಕಲಸುವವನು ಸೊಂಟದ ಕತ್ತಿ ತೆಗೆದು, ಅಲುಗನ್ನು ಚೆನ್ನಾಗಿ ಉಜ್ಜಿ, ಆ ನೀಲಿ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿಯುತ್ತಾನೆ. ಮೇಲೆತ್ತಿದಾಗ ಅಲುಗು ಕೆಂಪಗಾಗಿದ್ದರೆ ಸುಣ್ಣ ಸಾಲಲಿಲ್ಲ ಅಂತ ಅರ್ಥ. ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಅದೇ ಕಬ್ಬಿಣದ ಮೇಲೆ ಬಂದು ಕೂತಿದೆ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಇನ್ನಷ್ಟು ಸುಣ್ಣ ಹಾಕು, ಮತ್ತೆ ಅದ್ದು. ಅಲುಗು ಬಿಳಿಯಾಗಿಯೇ ಬಂದರೆ ಪಂಪಿಗೆ ತುಂಬಬಹುದು.

ಈ ಕತ್ತಿಯ ಪರೀಕ್ಷೆ ಮಾಡುವವನಿಗೆ ರಸಾಯನಶಾಸ್ತ್ರ ಗೊತ್ತಿರಬೇಕಿಲ್ಲ. ಅವನಿಗೆ ಗೊತ್ತಿರುವುದು ಅದಕ್ಕಿಂತ ದೊಡ್ಡದು: ತನ್ನ ಕೆಲಸಕ್ಕೆ ‘ಸರಿ ಇಲ್ಲ’ ಅಂತ ಹೇಳುವ ಅವಕಾಶವನ್ನು ಅವನು ಕತ್ತಿಗೆ ಕೊಟ್ಟಿದ್ದಾನೆ. ಯಜಮಾನರು ಹೇಳಿದ್ದು, ಅಂಗಡಿಯವನು ಹೇಳಿದ್ದು, ಚೀಲದ ಮೇಲೆ ಅಚ್ಚು ಹಾಕಿದ್ದು ಎಲ್ಲ ಆಮೇಲೆ. ವಿಮರ್ಶೆಯ ಯೋಚನೆ ಅಂತ ದೊಡ್ಡ ಮಾತಿನಲ್ಲಿ ಹೇಳುವುದರ ತಿರುಳು ಇಷ್ಟೇ. ಒಂದು ಮಾತು ನಿಜವಾಗಿದ್ದರೆ ಏನು ಕಾಣಬೇಕು, ಸುಳ್ಳಾಗಿದ್ದರೆ ಏನು ಕಾಣಬೇಕು ಅಂತ ಮೊದಲೇ ಗೊತ್ತಿರಬೇಕು. ಸುಳ್ಳಾಗುವ ದಾರಿಯೇ ಇಲ್ಲದ ಮಾತನ್ನು ಎಷ್ಟೇ ದೊಡ್ಡವರು ಹೇಳಿದರೂ ಅದರಿಂದ ತೋಟ ನಡೆಯುವುದಿಲ್ಲ.

ಈಗ ಫೋನಿಗೆ ಬನ್ನಿ. ‘ನಾಳೆ ಜಿಲ್ಲೆಯ ಎಲ್ಲ ಶಾಲೆಗಳಿಗೆ ರಜೆ’ ಅನ್ನುವ ಆದೇಶದ ಪ್ರತಿ ವರ್ಷ ವರ್ಷವೂ ಓಡಾಡುತ್ತದೆ. ಹೋದ ವರ್ಷದ ಆದೇಶಕ್ಕೆ ಹೊಸ ದಿನಾಂಕ ಅಂಟಿಸಿರುತ್ತಾರೆ. ಮಕ್ಕಳೇ ಮಾಡಿರುತ್ತಾರೆ, ಅದರಲ್ಲಿ ಸಂಶಯ ಬೇಡ! ಹಿಗ್ಗಿಸಿ ನೋಡಿದರೆ ದಿನಾಂಕದ ಅಕ್ಷರವೇ ಬೇರೆ ಇರುತ್ತದೆ, ಕೆಲವೊಮ್ಮೆ ವಾರವೂ ತಾಳೆಯಾಗುವುದಿಲ್ಲ. ಇದರಿಂದ ಹೆಚ್ಚೇನೂ ನಷ್ಟ ಇಲ್ಲ, ಒಂದು ದಿನ ಬಸ್ಸು ತಪ್ಪುತ್ತದೆ ಅಷ್ಟೇ. ಭೂಕಂಪದ ಮೆಸೇಜು ಹಾಗಲ್ಲ. ಅದಕ್ಕೆ ಬೆದರಿ ಜಡಿ ಮಳೆಯಲ್ಲಿ, ಕತ್ತಲಲ್ಲಿ, ವಯಸ್ಸಾದವರನ್ನು ಕರೆದುಕೊಂಡು ಮನೆ ಬಿಟ್ಟು ಹೊರಟವರು ಇದ್ದಾರೆ. ಇಲ್ಲಿ ಒಂದೇ ಒಂದು ಸಂಗತಿ ನೆನಪಿದ್ದರೆ ಸಾಕು. ಭೂಕಂಪ ಇಂಥ ದಿನ, ಇಂಥ ಹೊತ್ತಿಗೆ, ಇಂಥ ಊರಿನಲ್ಲಿ ಆಗುತ್ತದೆ ಅಂತ ಮೊದಲೇ ಹೇಳುವ ವಿದ್ಯೆ ಇವತ್ತಿಗೂ ಲೋಕದಲ್ಲಿ ಯಾರ ಹತ್ತಿರವೂ ಇಲ್ಲ. ಜಪಾನಿನವರ ಹತ್ತಿರವೂ ಇಲ್ಲ. ಹಾಗಾಗಿ ಮೆಸೇಜಿನಲ್ಲಿ ಗಂಟೆ ನಮೂದಿಸಿದ್ದಾರೆ ಅಂದರೆ ಅದು ಸುಳ್ಳು. ಯಾರು ಕಳಿಸಿದರು, ಯಾವ ವಿಜ್ಞಾನಿಯ ಫೋಟೋ ಇದೆ ಅಂತ ಮುಂದೆ ನೋಡುವ ಅಗತ್ಯವೇ ಇಲ್ಲ.

ಆದರೆ ನಮ್ಮ ಜನ ಸುಮ್ನೆ ಹೆದರುತ್ತಾರೆ ಅಂತ ನಗುವವರ ಪಕ್ಷವನ್ನೂ ನಾನು ಹಿಡಿಯುವುದಿಲ್ಲ. 2022ರ ಜೂನ್ ಕೊನೆ ನೆನಪಿಸಿಕೊಳ್ಳಿ. ಚೆಂಬು, ಸಂಪಾಜೆ, ಪೆರಾಜೆ, ಕರಿಕೆ ಕಡೆ ದಿನ ಬಿಟ್ಟು ದಿನ ನೆಲ ನಡುಗಿತು. ಜೊತೆಗೆ ಗುಡುಗಿನ ಥರ ಶಬ್ದ. ಶೆಲ್ಫಿನ ಪಾತ್ರೆ ಬಿದ್ದವು, ಗೋಡೆ ಬಿರುಕು ಬಿಟ್ಟಿತು. 2018ರಲ್ಲಿ ಊರಿಗೆ ಊರೇ ಜಾರಿಹೋದದ್ದನ್ನು ಕಂಡವರು ಹೆದರದೆ ಇರುತ್ತಾರಾ? ಹೆದರಿದ್ದು ಸರಿಯೇ. ಆದರೆ ಮಳೆಗೆ ಕೇಳುವ ಪ್ರಶ್ನೆಯನ್ನು ಆಗ ಇದಕ್ಕೂ ಕೇಳಬೇಕಿತ್ತು: ಎಷ್ಟು? ಆ ಕಂಪನಗಳು ರಿಕ್ಟರ್ ಲೆಕ್ಕದಲ್ಲಿ 2ರಿಂದ 3ರ ಆಸುಪಾಸಿನವು. ಈ ಮಾಪಕ ನಮ್ಮ ಇಂಚು-ಸೆಂಟಿನ ಹಾಗೆ ಕೂಡುತ್ತಾ ಹೋಗುವಂಥದ್ದಲ್ಲ. ಒಂದು ಅಂಕಿ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 1967ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ ಆದದ್ದು 6.3. ಚೆಂಬುವಿನ 3ಕ್ಕೂ ಅದಕ್ಕೂ ಶಕ್ತಿಯಲ್ಲಿ ಸುಮಾರು 90 ಸಾವಿರ ಪಟ್ಟು ವ್ಯತ್ಯಾಸ. ಶಬ್ದ ಜೋರಾಗಿ ಕೇಳಿಸಿದ್ದಕ್ಕೂ ಕಾರಣ ಇದೆ. ಕಂಪನ ನೆಲದ ಮೇಲ್ಪದರಕ್ಕೆ ಹತ್ತಿರದಲ್ಲಿ ಹುಟ್ಟಿದರೆ, ಸಣ್ಣದಾದರೂ ಕಿವಿಗೆ ಕೇಳುತ್ತದೆ.

ಕೊಯ್ನಾ ಹೆಸರು ಸುಮ್ಮನೆ ತೆಗೆದಿಲ್ಲ. ‘ಹಾರಂಗಿ ಡ್ಯಾಮಿನಿಂದಲೇ ಭೂಕಂಪ, ಭೂಕಂಪದಿಂದಲೇ ಗುಡ್ಡ ಜರಿದದ್ದು’ ಅನ್ನುವ ವಾದ 2018ರಿಂದ ಇಲ್ಲಿ ಓಡುತ್ತಿದೆ. ಇದು ತಲೆಬುಡ ಇಲ್ಲದ ವಾದ ಅಂತ ತಳ್ಳಿಹಾಕುವ ಹಾಗಿಲ್ಲ. ಜಲಾಶಯದ ನೀರಿನ ಭಾರ ಮತ್ತು ಒತ್ತಡದಿಂದ ಕಂಪನ ಆಗಬಹುದು ಅನ್ನುವುದಕ್ಕೆ ಕೊಯ್ನಾವನ್ನೇ ಜಗತ್ತೆಲ್ಲ ಉದಾಹರಣೆ ಕೊಡುತ್ತದೆ. ಪ್ರಶ್ನೆ ಒಳ್ಳೆಯದೇ. ಆದರೆ ಪ್ರಶ್ನೆ ಕೇಳಿದ ಮೇಲೆ ಕತ್ತಿ ಅದ್ದಿ ನೋಡಬೇಕಲ್ಲ? ಕೊಯ್ನಾ ಜಲಾಶಯ ಸುಮಾರು 100 ಟಿಎಂಸಿಯದ್ದು, ಹಾರಂಗಿ ಎಂಟೂವರೆ ಟಿಎಂಸಿ. ಹಾರಂಗಿ ಇರುವುದು ಕುಶಾಲನಗರದ ಮಗ್ಗುಲಲ್ಲಿ, ಪೂರ್ವಕ್ಕೆ. 2022ರಲ್ಲಿ ನಡುಗಿದ ಚೆಂಬು–ಸಂಪಾಜೆ ಇರುವುದು ಮಡಿಕೇರಿಯಿಂದ ಆಚೆ, ಘಟ್ಟದ ಪಶ್ಚಿಮ ಇಳಿಜಾರಿನಲ್ಲಿ. ಇನ್ನು 2018ರಲ್ಲಿ ಜುಲೈ 9ಕ್ಕೆ ಒಂದು ಕಂಪನ ಆಗಿತ್ತು, 3.4ರದ್ದು. ಗುಡ್ಡಗಳು ಜರಿದದ್ದು ಆಗಸ್ಟ್ ನಡುವಿನಲ್ಲಿ, ಒಂದು ತಿಂಗಳಿಗೂ ಜಾಸ್ತಿ ಬಿಟ್ಟು. ಬೇರೆ ದೇಶಗಳ ದಾಖಲೆ ನೋಡಿದರೆ ಭೂಕಂಪದಿಂದ ಗುಡ್ಡ ಜಾರಲು ಸಾಮಾನ್ಯವಾಗಿ 4 ಅಥವಾ ಅದಕ್ಕೂ ಮೇಲಿನ ಕಂಪನ ಬೇಕು. ಎಲ್ಲಿ, ಎಷ್ಟು, ಯಾವಾಗ ಅಂತ ಮೂರನ್ನೂ ಕೇಳಿದರೆ ಈ ವಾದದ ಕಾಲು ಸಡಿಲವಾಗುತ್ತದೆ.

ಹಾಗಾದರೆ ಜರಿದದ್ದು ಯಾಕೆ? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಬಂದು ನೋಡಿದರು. ಅವರು ಬೊಟ್ಟು ಮಾಡಿದ್ದು ವಿಪರೀತ ಮಳೆ ಮತ್ತು ಇಳಿಜಾರನ್ನು ಮನುಷ್ಯ ಕಡಿದು ಬದಲಾಯಿಸಿದ್ದರ ಕಡೆಗೆ. ಮಳೆ ಭಾಗವನ್ನು ನಮ್ಮ ಭಾಷೆಯಲ್ಲೇ ಲೆಕ್ಕ ಹಾಕಿ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿತ್ತು ಅಂದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಹತ್ತು ಇಂಚು ಬಿದ್ದ ದಿನ ಹತ್ತು ಲಕ್ಷ ಲೀಟರ್, ಅಂದರೆ ಸಾವಿರ ಟನ್, ಒಂದೇ ಎಕರೆ ಮೇಲೆ. ಜೂನಿನಿಂದ ನೆನೆದು ಕುಡಿಯಲು ಜಾಗವೇ ಇಲ್ಲದ ಮಣ್ಣಿನ ಮೇಲೆ ಅದು ಬೀಳುತ್ತದೆ. ನೀರು ಮಣ್ಣಿನ ಕಣಗಳ ನಡುವೆ ತುಂಬಿ ಅವುಗಳ ಹಿಡಿತ ಬಿಡಿಸುತ್ತದೆ. ಕೆಳಗಿನ ಗಟ್ಟಿ ಕಲ್ಲಿನ ಮೇಲೆ ಮೇಲಿನ ಮಣ್ಣು ಜಾರುತ್ತದೆ. ಇಳಿಜಾರಿನ ಬುಡವನ್ನು ರಸ್ತೆಗೆ, ಮನೆಗೆ, ರೆಸಾರ್ಟಿಗೆ ಅಂತ ಜೆಸಿಬಿಯಲ್ಲಿ ನೆಟ್ಟಗೆ ಕಡಿದಿದ್ದರೆ ತಡೆಯಲು ಅಲ್ಲಿ ಏನಿರುತ್ತದೆ? ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ, ಮೊಣ್ಣಂಗೇರಿ. ಈ ಹೆಸರುಗಳನ್ನು ಹೇಳುವಾಗ ಈಗಲೂ ಇಲ್ಲಿನ ಜನ ದನಿ ತಗ್ಗಿಸುತ್ತಾರೆ.

ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ಡ್ಯಾಮು, ಭೂಕಂಪ ಅಂದರೆ ನಮಗೆ ಒಳಗೊಳಗೇ ಒಂದು ಸಮಾಧಾನ. ಅದರಲ್ಲಿ ನಮ್ಮ ಕೈ ಏನೂ ಇಲ್ಲ, ನಾಳೆ ನಾವು ಏನನ್ನೂ ಬದಲಾಯಿಸಬೇಕಾಗಿಲ್ಲ. ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದದ್ದು ಅಂದ ಕೂಡಲೇ ಯಾರು ಕಡಿದದ್ದು ಅಂತ ಬರುತ್ತದೆ. ಹೋಂಸ್ಟೇ ಮಾಡಿದ ಮಾವ, ರಸ್ತೆ ಅಗಲ ಮಾಡಿಸಿದ ಪಂಚಾಯಿತಿ ಮೆಂಬರು, ಸೈಟು ಮಾಡಿ ಮಾರಿದ ಗೆಳೆಯ. ಪ್ರಶ್ನೆ ಕೇಳುವುದು ಕಷ್ಟವಾಗುವುದು ಇಲ್ಲಿ. ಪಠ್ಯಪುಸ್ತಕದಲ್ಲಿ ವಿಜ್ಞಾನ ಓದುವುದಕ್ಕೆ ಧೈರ್ಯ ಬೇಕಿಲ್ಲ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂರುವವರ ಹತ್ತಿರ ‘ಆ ಮಣ್ಣು ಎಲ್ಲಿ ಸುರಿದಿರಿ, ಮಳೆ ನೀರು ಹೋಗಲು ಎಲ್ಲಿ ದಾರಿ ಬಿಟ್ಟಿದ್ದೀರಿ?’ ಅಂತ ಕೇಳಲು ಬೇಕು. ‘ನಮ್ಮ ಅಜ್ಜನ ಕಾಲದಿಂದ ಈ ಗುಡ್ಡ ಅಲ್ಲಾಡಿಲ್ಲ’ ಅನ್ನುವ ಮಾತೂ ಬರುತ್ತದೆ. ಅದು ಸುಳ್ಳಲ್ಲ, ಅದೂ ಒಂದು ದಾಖಲೆಯೇ. ಆದರೆ ಅಜ್ಜನ ಕಾಲದಲ್ಲಿ ಆ ಗುಡ್ಡಕ್ಕೆ ಬುಡ ಇತ್ತು.

ಇಲ್ಲಿ ತೋಟದ ಡೈರಿಗಳಿಂದ ದೊಡ್ಡ ಉಪಯೋಗ ಇದೆ. ಗುಡ್ಡ ಜಾರುವ ಮುನ್ಸೂಚನೆ ಕೊಡಲು ವಿಜ್ಞಾನಿಗಳು ಹುಡುಕುವುದು ಎಷ್ಟು ದಿನದಲ್ಲಿ ಎಷ್ಟು ಮಳೆ ಬಿದ್ದ ಮೇಲೆ ಎಲ್ಲಿ ಜಾರಿತು ಅನ್ನುವ ಲೆಕ್ಕವನ್ನೇ. ಮಳೆಯ ಅಂಕಿ ನಮ್ಮ ಕಪಾಟಿನಲ್ಲಿ ತಲೆಮಾರುಗಳಷ್ಟು ಇದೆ. ಬರೆ ಕುಸಿದ ದಿನಾಂಕ ಬರೆದಿಟ್ಟವರು ಮಾತ್ರ ಕಮ್ಮಿ. ಮನೆ ಹಿಂದೆ ನೆಲ ಬಿರುಕು ಬಿಟ್ಟದ್ದು, ನೆಟ್ಟಗಿದ್ದ ಮರ ವಾಲಿದ್ದು, ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಂಡದ್ದು, ಇಲ್ಲದ ಜಾಗದಲ್ಲಿ ಜಲ ಎದ್ದು ಕೆಂಪು ನೀರು ಬಂದದ್ದು, ತೋಡಿನ ನೀರು ಮಳೆ ನಡುವೆಯೇ ಕಮ್ಮಿಯಾದದ್ದು, ಇವೆಲ್ಲ ಜಾರುವ ಮುಂಚಿನ ಲಕ್ಷಣ. ಕಂಡರೆ ಮೊದಲು ಮನೆ ಬಿಡಬೇಕು, ಆಮೇಲೆ ಬರೆಯಬೇಕು. ಸರ್ವೇಕ್ಷಣಾ ಇಲಾಖೆ ಭೂಕುಸಿತದ ಅಪಾಯದ ನಕ್ಷೆಯನ್ನೂ ಮಾಡಿದೆ, 1:50,000 ಪ್ರಮಾಣದ್ದು. ಅಂದರೆ ನಕ್ಷೆಯ ಒಂದು ಸೆಂಟಿಮೀಟರಿಗೆ ನೆಲದ ಮೇಲೆ ಅರ್ಧ ಕಿಲೋಮೀಟರು. ಯಾವ ಬೆಟ್ಟದ ಸಾಲು ಅಪಾಯದ್ದು ಅಂತ ಅದು ಹೇಳುತ್ತದೆ, ನಿಮ್ಮ ಸೈಟು ಹೇಗಿದೆ ಅಂತ ಹೇಳುವುದಿಲ್ಲ. ‘ನಕ್ಷೆಯಲ್ಲಿ ಹಸಿರಿದೆ, ಕಟ್ಟಿ’ ಅನ್ನುವ ಬ್ರೋಕರಿಗೆ ಈ ಲೆಕ್ಕ ಹೇಳಿ. ಆ ನಕ್ಷೆ ಕನ್ನಡದಲ್ಲಿ, ಪಂಚಾಯಿತಿ ಕಟ್ಟೆಯ ಗೋಡೆ ಮೇಲೆ ಯಾಕಿಲ್ಲ ಅನ್ನುವುದು ಬೇರೆ ಪ್ರಶ್ನೆ. ವಿಜ್ಞಾನಿಗಳ ವರದಿ ಇಂಗ್ಲಿಷಿನಲ್ಲಿ ಕಚೇರಿ ಫೈಲಿನಲ್ಲಿ ಕೂತರೆ ಆ ಜಾಗವನ್ನು ವಾಟ್ಸಾಪ್ ತುಂಬುತ್ತದೆ, ಅದಕ್ಕೆ ಜನರನ್ನು ಮಾತ್ರ ದೂರಿ ಪ್ರಯೋಜನ ಇಲ್ಲ.

ರೆಡ್ ಅಲರ್ಟ್ ಕತೆಯೂ ಹೀಗೆಯೇ. ‘ಡಿಸಿ ರಜೆ ಕೊಟ್ಟ ದಿನವೇ ಬಿಸಿಲು’ ಅನ್ನುವುದು ನಮ್ಮ ಜಿಲ್ಲೆಯ ಹಳೇ ಜೋಕು. ದಿನಕ್ಕೆ 204.5 ಮಿಲಿಮೀಟರ್, ಅಂದರೆ ಎಂಟು ಇಂಚಿಗೂ ಮೇಲೆ ಬಿದ್ದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅತ್ಯಂತ ಭಾರಿ ಮಳೆ. ಸಾಮಾನ್ಯವಾಗಿ ರೆಡ್ ಅಲರ್ಟ್ ಅದಕ್ಕೇ. ಆದರೆ ಎಚ್ಚರಿಕೆ ಇಡೀ ಜಿಲ್ಲೆಗೆ ಒಂದೇ ಬಣ್ಣದಲ್ಲಿ ಬರುತ್ತದೆ. ಭಾಗಮಂಡಲದಲ್ಲಿ ಸೇತುವೆ ಮುಳುಗಿದ ದಿನ ಕುಶಾಲನಗರದಲ್ಲಿ ಬಟ್ಟೆ ಒಣಗಿಸುತ್ತಿರುತ್ತಾರೆ. ಒಂದೇ ತೋಟದಲ್ಲಿ ತೊಂಬತ್ತು ಸೆಂಟ್, ನಲವತ್ತು ಸೆಂಟ್ ಅಂತ ಬಿಡಿಸಿ ಹೇಳುವ ನಾವು 4,102 ಚದರ ಕಿಲೋಮೀಟರಿನ ಜಿಲ್ಲೆಗೆ ಕೊಟ್ಟ ಎಚ್ಚರಿಕೆಯನ್ನು ನಮ್ಮ ಅಂಗಳದಲ್ಲಿ ನಿಂತು ಸುಳ್ಳು ಅನ್ನುತ್ತೇವೆ! ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ, ಅಲ್ಲಿಯ ಅಂಕಿ ನೋಡಿ ಆಮೇಲೆ ಬೈಯಬಹುದು. ಎಚ್ಚರಿಕೆ ಅಂದರೆ ಸಾಧ್ಯತೆ. ಬಂದೇ ಬರುತ್ತದೆ ಅಂತ ಯಾರೂ ಬರೆದುಕೊಟ್ಟಿರುವುದಿಲ್ಲ. ಹತ್ತು ಸಲ ಸುಮ್ನೆ ರಜೆ ಕೊಟ್ಟರೂ ನಷ್ಟ ಹತ್ತು ದಿನದ ಪಾಠ. ಒಂದು ಸಲ ಕೊಡದೆ ಶಾಲಾ ವ್ಯಾನು ತೋಡಿಗೆ ಹೋದರೆ ಆ ನಷ್ಟಕ್ಕೆ ಲೆಕ್ಕ ಎಲ್ಲಿದೆ?

ಮಧ್ಯೆ ಒಂದು ರುಚಿಯ ವಿಷಯ. ಕೊಡವರ ಕಕ್ಕಡ ತಿಂಗಳ 18, ಸಾಮಾನ್ಯವಾಗಿ ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನ ಪಾಯಸ ಮಾಡದ ಮನೆ ಕೊಡಗಿನಲ್ಲಿ ಕಮ್ಮಿ. ನೇರಳೆ ಬಣ್ಣ, ಆ ಘಮ, ಮೇಲೆ ತುಪ್ಪ, ಜೇನು. ಅವತ್ತಿಗೆ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಅಂತ ನಂಬಿಕೆ. ಮಾರನೇ ದಿನ ಮೂತ್ರ ಕೆಂಪಗೆ ಹೋದರೆ ‘ನೋಡು, ಮದ್ದು ಹಿಡಿಯಿತು’ ಅನ್ನುತ್ತಾರೆ. ಬಣ್ಣ ಒಳಗೆ ಹೋಗಿ ಹೊರಗೆ ಬಂತು ಅನ್ನುವುದಕ್ಕೆ ಅದು ಸಾಕ್ಷಿ, ಅಷ್ಟು ಮಾತ್ರ. ಬೀಟ್‌ರೂಟ್ ತಿಂದರೂ ಹಲವರಿಗೆ ಹಾಗೇ ಆಗುತ್ತದೆ. ಕಕ್ಕಡ 10ಕ್ಕೆ ಒಂದು ಹಿಡಿ, 18ಕ್ಕೆ ಒಂದು ಹಿಡಿ, 28ಕ್ಕೆ ಒಂದು ಹಿಡಿ ಕಿತ್ತು ಬೇರೆ ಬೇರೆ ಕುದಿಸಿ, ಯಾವುದು ಯಾವ ದಿನದ್ದು ಅಂತ ಹೇಳದೆ ಮನೆಯವರ ಮುಂದಿಟ್ಟು ಬಣ್ಣ, ಘಮ ನೋಡಿ ಅಂದರೆ ಒಳ್ಳೆಯ ಪ್ರಯೋಗ ಆಗುತ್ತದೆ. ಉತ್ತರ ಏನೇ ಬರಲಿ, ನಾನಂತೂ ಪಾಯಸ ಬಿಡುವುದಿಲ್ಲ. ಹಬ್ಬಕ್ಕೆ ಪ್ರಯೋಗಾಲಯದ ಅಪ್ಪಣೆ ಬೇಕಿಲ್ಲ. ಸಕ್ಕರೆ ಕಾಯಿಲೆ ಮಾತ್ರೆ ನಿಲ್ಲಿಸಿ ಇದನ್ನೇ ಕುಡಿಯಿರಿ ಅಂತ ಯಾರಾದರೂ ಬಾಟಲಿಗೆ ತುಂಬಿ ಮಾರಲು ಹೊರಟರೆ ಆಗ ಕೇಳಬೇಕು.

ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಪಾಯಿಂಟ್ ತೋರಿಸುವವರ ವಿಷಯ ದುಡ್ಡಿನದ್ದು. ‘ಅವರು ತೋರಿಸಿದ ಕಡೆ ನೀರು ಬಂತಲ್ಲ’ ಅನ್ನುತ್ತಾರೆ. ಬಂದಿರಬಹುದು. ಆದರೆ ಇಪ್ಪತ್ತು ಅಡಿ ಆಚೆ ಕೊರೆದಿದ್ದರೆ ಬರುತ್ತಿರಲಿಲ್ಲ ಅಂತ ಹೇಗೆ ಗೊತ್ತು? ಅಲ್ಲಿ ಯಾರೂ ಕೊರೆಯುವುದಿಲ್ಲ. ಇಷ್ಟು ಮಳೆ ಬೀಳುವ ಸೀಮೆಯಲ್ಲಿ ಕಣ್ಣು ಮುಚ್ಚಿ ತೋರಿಸಿದರೂ ಹಲವು ಕಡೆ ನೀರು ಸಿಗುತ್ತದೆ. 1987–88ರಲ್ಲಿ ಜರ್ಮನಿಯ ಮ್ಯೂನಿಕ್ ಹತ್ತಿರ ಒಂದು ಕೊಟ್ಟಿಗೆಯಲ್ಲಿ ಇದನ್ನು ಪರೀಕ್ಷಿಸಿದರು. ಕೆಳಗಿನ ಅಂತಸ್ತಿನಲ್ಲಿ ನೀರಿನ ಪೈಪನ್ನು ಗಾಡಿ ಮೇಲಿಟ್ಟು ಅತ್ತಿತ್ತ ಸರಿಸುವುದು, ಮೇಲಿನಿಂದ ಅದು ಎಲ್ಲಿದೆ ಅಂತ ಜಲಶೋಧಕರು ಹೇಳುವುದು. ಸುಮಾರು 500 ಜನರಲ್ಲಿ ಒಳ್ಳೆಯವರು ಅಂತ ಆರಿಸಿದ 43 ಮಂದಿ, 843 ಪರೀಕ್ಷೆ. ಕೆಲವರಿಗೆ ನಿಜವಾಗಿ ಶಕ್ತಿ ಇದೆ ಅಂತಲೇ ನಡೆಸಿದವರು ಬರೆದರು. ಆಮೇಲೆ ಅದೇ ಅಂಕಿಗಳನ್ನು ಬೇರೆ ವಿಜ್ಞಾನಿ ಮತ್ತೆ ಕೂಡಿಸಿ ನೋಡಿದಾಗ ಕಂಡದ್ದು ಕುರುಡು ಊಹೆಗಿಂತ ಹೆಚ್ಚೇನೂ ಇಲ್ಲ ಅನ್ನುವುದು. ಇದರಲ್ಲಿ ವಿಜ್ಞಾನಿಗಳಿಗೂ ಒಂದು ಏಟಿದೆ, ಗಮನಿಸಿ. ಅಂಕಿ ಇದ್ದರೆ ಸಾಲದು, ಅದನ್ನು ಇನ್ನೊಬ್ಬರು ತಿರುಗಿಸಿ ನೋಡಬೇಕು.

ಸಂವಿಧಾನದಲ್ಲಿ 51ಎ(ಎಚ್) ಅಂತ ಇದೆ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯ ಅಂತ, 1976ರ ತಿದ್ದುಪಡಿಯಲ್ಲಿ ಬಂದದ್ದು. ಕರ್ನಾಟಕದಲ್ಲಿ 2017ರಲ್ಲಿ ಅಮಾನವೀಯ ಆಚರಣೆ ಮತ್ತು ವಾಮಾಚಾರದ ವಿರುದ್ಧ ಕಾಯ್ದೆಯೂ ಆಯಿತು. ಇರಲಿ, ಒಳ್ಳೆಯದು. ಆದರೆ ತೋಟದ ಜೀವನದಲ್ಲಿ ತಪ್ಪು ಯೋಚನೆ ಪ್ರಾಣ ತೆಗೆಯುವ ಜಾಗ ಬೇರೆ ಇದೆ. ಹಾವು.

ಭಾರತದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸಾಯುತ್ತಾರೆ ಅಂತ 2020ರಲ್ಲಿ ಬಂದ ಅಧ್ಯಯನ ಅಂದಾಜು ಮಾಡಿದೆ. ಕಳೆ ತೆಗೆಯುವಾಗ, ಕಾಫಿ ಕುಯ್ಯುವಾಗ, ರಾತ್ರಿ ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆಯ) ನೆಲದ ಮೇಲೆ ಮಲಗಿದಾಗ ಕಚ್ಚಿಸಿಕೊಳ್ಳುವುದು ಕೆಲಸದವರು. ಕಚ್ಚಿದ ಕೂಡಲೇ ಆಸ್ಪತ್ರೆಗೋ, ಮದ್ದು ಕೊಡುವವರ ಮನೆಗೋ ಅನ್ನುವ ಚರ್ಚೆ ಶುರುವಾಗುತ್ತದೆ. ‘ಅವರ ಮದ್ದಿನಲ್ಲಿ ಎಷ್ಟೋ ಜನ ಬದುಕಿದ್ದಾರೆ’ ಅನ್ನುವ ಮಾತು ಬರುತ್ತದೆ. ಅದು ನಿಜವೇ. ಆದರೆ ಅವರಲ್ಲಿ ಮದ್ದು ಕೊಡದಿದ್ದರೂ ಎಷ್ಟು ಜನ ಬದುಕುತ್ತಿದ್ದರು? ನಮ್ಮ ಸುತ್ತ ಇರುವ ಹಾವುಗಳಲ್ಲಿ ಹೆಚ್ಚಿನವಕ್ಕೆ ವಿಷವೇ ಇಲ್ಲ. ಕೇರೆ ಹಾವು ಕಚ್ಚಿದವನು ತುಳಸಿ ನೀರು ಕುಡಿದರೂ ಬದುಕುತ್ತಾನೆ. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಒಣಕಚ್ಚು ಕಚ್ಚುತ್ತದೆ. ಕಾಫಿ, ಏಲಕ್ಕಿ ಗಿಡದಲ್ಲಿ ಸುತ್ತಿಕೊಂಡಿರುವ ಗುಳಿಮಂಡಲ ಕಚ್ಚಿದರೆ ನೋವು, ಊತ ಜಾಸ್ತಿ, ಸಾವು ಅಪರೂಪ. ಹೀಗೆ ಬದುಕಿದವರೆಲ್ಲ ಮದ್ದಿನ ಖಾತೆಗೆ ಜಮಾ ಆಗುತ್ತಾರೆ. ನಿಜವಾಗಿ ನಾಗರಹಾವೋ, ಕಟ್ಟುಹಾವೋ, ಕೊಳಕುಮಂಡಲವೋ ವಿಷ ಬಿಟ್ಟು ಕಚ್ಚಿ ಸತ್ತವರಿಗೆ ‘ಆಯುಸ್ಸು ಇರಲಿಲ್ಲ, ತಡವಾಯ್ತು’ ಅಂತ ಬೇರೆ ಖಾತೆ. ಮಳೆ ಬಾರದ ದಿನದ ಸೊನ್ನೆಯನ್ನು ಇಲ್ಲಿ ಯಾರೂ ಬರೆಯುವುದಿಲ್ಲ. ಮದ್ದು ಕೊಡುವವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ, ಹೆಚ್ಚಿನವರು ದುಡ್ಡೂ ತೆಗೆದುಕೊಳ್ಳುವುದಿಲ್ಲ. ಅವರ ಮುಂದೆ ಬದುಕಿದವರೇ ಮತ್ತೆ ಬಂದು ಕೈಮುಗಿಯುತ್ತಾರೆ, ಸತ್ತವರು ಬರುವುದಿಲ್ಲ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ ಅನ್ನುವುದೂ ಗುಟ್ಟಿನ ವಿದ್ಯೆಯಲ್ಲ. ಸ್ವಲ್ಪ ರಕ್ತವನ್ನು ತೊಳೆದು ಒಣಗಿಸಿದ ಗಾಜಿನ ಟ್ಯೂಬಿಗೆ ತೆಗೆದು ಅಲುಗಾಡಿಸದೆ 20 ನಿಮಿಷ ಬಿಡುತ್ತಾರೆ. ಆಮೇಲೆ ಬಗ್ಗಿಸಿ ನೋಡುತ್ತಾರೆ. ಹೆಪ್ಪುಗಟ್ಟಿದ್ದರೆ ಸದ್ಯಕ್ಕೆ ಸಮಾಧಾನ, ಇನ್ನೂ ನೀರಿನಂತೆ ಹರಿದರೆ ಮಂಡಲದ ಜಾತಿಯ ವಿಷ ರಕ್ತಕ್ಕೆ ಇಳಿದಿದೆ. ನಾಗರ, ಕಟ್ಟುಹಾವಿನ ವಿಷ ನರಕ್ಕೆ ಏರುವುದರಿಂದ ಅದಕ್ಕೆ ರೆಪ್ಪೆ ಜೋಲುವುದನ್ನು, ಉಸಿರಾಟವನ್ನು ನೋಡುತ್ತಾರೆ. ಬೋರ್ಡೋ ಕಲಸುವವನಿಗೆ ಈ ಟ್ಯೂಬಿನ ಪರೀಕ್ಷೆ ವಿವರಿಸಿ, ಒಂದೇ ಸಲಕ್ಕೆ ಅರ್ಥವಾಗುತ್ತದೆ. ಹಾಗೆಯೇ ವೈದ್ಯರನ್ನೂ ಕೇಳಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಗುಳಿಮಂಡಲಕ್ಕೆ, ಕಾಳಿಂಗಕ್ಕೆ ಅದನ್ನು ಮಾಡಿಲ್ಲ. ಪಶ್ಚಿಮ ಘಟ್ಟದ ಆಸ್ಪತ್ರೆಯಲ್ಲಿ ಇದು ಸಣ್ಣ ವಿಷಯ ಅಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣ ಅಂತ ಘೋಷಿಸಿತು. ಇನ್ನಾದರೂ ಎಲ್ಲಿ, ಎಷ್ಟು, ಯಾವ ಹಾವು ಅನ್ನುವ ಲೆಕ್ಕ ಸಿಗುತ್ತದೆ, ಪ್ರತಿವಿಷ ಯಾವ ಆಸ್ಪತ್ರೆಯಲ್ಲಿ ಇರಬೇಕು ಅಂತ ಅದನ್ನು ನೋಡಿ ತೀರ್ಮಾನಿಸಬಹುದು.

ಈಗ ಬಹಳ ತೋಟಗಳಲ್ಲಿ ಕೆಲಸಕ್ಕೆ ಇರುವವರು ಅಸ್ಸಾಮಿನ ಕಡೆಯವರು. ಕನ್ನಡದ ಮೆಸೇಜು, ಸುಳ್ಳಾಗಲಿ ನಿಜವಾಗಲಿ, ಅವರಿಗೆ ತಲುಪುವುದಿಲ್ಲ. ಕಚ್ಚಿದ ಜಾಗ ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ಓಡಾಡಿಸಬೇಡಿ, ಉಂಗುರ ಬಳೆ ತೆಗೆಯಿರಿ, 108ಕ್ಕೆ ಫೋನ್ ಮಾಡಿ ಅಥವಾ ಎಸ್ಟೇಟಿನ ಜೀಪು ತನ್ನಿ. ಇಷ್ಟನ್ನು ಚಿತ್ರ ಸಮೇತ ಒಂದು ಕಾಗದದಲ್ಲಿ ಅವರ ಭಾಷೆಯಲ್ಲಿ ಬರೆಸಿ, ಜೀಪಿನ ಕೀ ರಾತ್ರಿ ಯಾರ ಹತ್ತಿರ ಇರುತ್ತದೆ ಅನ್ನುವುದನ್ನೂ ಸೇರಿಸಿ, ಲೈನ್ ಮನೆ ಗೋಡೆಗೆ ಈ ಮಳೆಗಾಲದ ಮುಂಚೆಯೇ ಅಂಟಿಸಬಹುದು.